ಕೇರುಬೀಜದ ಮಚ್ಚೆ

ನನ್ನನ್ನು ಚಾಕು ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಚಾಕು ಬದನೆಕಾಯಿ ಹೆಚ್ಚುತ್ತದೆ, ಹಗ್ಗ ಕೊಯ್ಯುತ್ತದೆ, ಕೆಲಸವಿಲ್ಲದಾಗ ಯಾರದಾದರೂ ಸೊಂಟಕ್ಕೆ ಸಿಕ್ಕಿಕೊಂಡು ಊರು ತಿರುಗುತ್ತದೆ. ನಾನು ಲ್ಯಾನ್ಸೆಟ್. ಸಿಡುಬು ಬಾರದಿರಲೆಂದು ಕೂಸುಗಳ ತೋಳಿಗೆ ದೇವಿ ಹಾಕುವುದೊಂದೇ ನನ್ನ ಕೆಲಸ. ಬೆರಳಿಗಿಂತ ತುಸು ಉದ್ದ ಇದ್ದೇನೆ. ಎರಡೂ ಬದಿಗೆ ಹರಿತ. ಮಡಚಿದರೆ ಎರಡು ಕೊಂಬಿನ ತುಂಡುಗಳ ನಡುವೆ ತೆಪ್ಪಗೆ ಮಲಗುತ್ತೇನೆ.

ಹುಟ್ಟಿದ್ದು ಇಂಗ್ಲೆಂಡಿನ ಒಂದು ಉಕ್ಕಿನ ಊರಿನಲ್ಲಿ. ಅಲ್ಲಿ ನಡುಹಗಲಿನಲ್ಲೂ ಕಲ್ಲಿದ್ದಲ ಹೊಗೆ. ನನ್ನನ್ನು ಸಾಣೆ ಹಿಡಿದ ಮುದುಕ ಸದಾ ಕೆಮ್ಮುತ್ತಿದ್ದ. ಉಕ್ಕಿನ ಧೂಳು ಅವನ ಎದೆಯಲ್ಲಿ ಮನೆ ಮಾಡಿತ್ತು. ಅವನ ಹತ್ತಿರ ಅಂಗೈಯಗಲದ ಒಂದು ತಮಟೆ ಇತ್ತು, ಬಹಳ ತೆಳುವಾದ ಆಡಿನ ಚರ್ಮ ಬಿಗಿದದ್ದು. ತಯಾರಾದ ಲ್ಯಾನ್ಸೆಟ್ಟನ್ನು ಅದರ ಮೇಲೆ ಹಗುರವಾಗಿ ಇಳಿಬಿಡುತ್ತಿದ್ದ. ಚಿಟ್ಟೆಂದು ಸದ್ದು ಬಂದರೆ ಮೊನೆ ಮೊಂಡು, ಮತ್ತೆ ಸಾಣೆಗೆ. ನಾನು ಸದ್ದೇ ಇಲ್ಲದೆ ಇಳಿದೆ. ಮುದುಕ ಕೆಮ್ಮು ಮರೆತು ನಕ್ಕ. ಆ ಜಂಬ ನನಗೆ ಇನ್ನೂ ಪೂರಾ ಇಳಿದಿಲ್ಲ.

ಮೊದಲು ನನ್ನನ್ನು ಕೊಂಡವನು ಆ ದೇಶದ ಒಬ್ಬ ಡಾಕ್ಟರ. ಬಡವರ ಕೂಸುಗಳಿಗೆಲ್ಲ ದೇವಿ ಹಾಕಿಸಲೇಬೇಕು, ಇಲ್ಲವಾದರೆ ದಂಡ ಎಂದು ವಿಕ್ಟೋರಿಯಾ ರಾಣಿಯ ಸರ್ಕಾರ ಕಾಯಿದೆ ಮಾಡಿತ್ತು. ಅವನು ಒಂದು ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ. ಗಿರಣಿ ಕೂಲಿಯ ಹೆಂಗಸರು ಕೂಸು ಅವಚಿಕೊಂಡು ಹೊರಗೆ ಚಳಿಯಲ್ಲಿ ನಿಂತಿರುತ್ತಿದ್ದರು. ಅವನು ಒಂದು ಕೂಸಿನ ರಕ್ತ ಒರೆಸದೆ ಇನ್ನೊಂದಕ್ಕೆ ಗೀರುತ್ತಿದ್ದ. ತೀರ ಮನಸ್ಸು ಬಂದ ದಿನ ನನ್ನನ್ನು ಷರಾಯಿಗೆ ಒರೆಸುತ್ತಿದ್ದ. ಸಿರಿವಂತರ ಮನೆಗೆ ಹೋಗುವಾಗ ನಾನು ಬೇಡ. ಅದಕ್ಕೆ ಬೆಳ್ಳಿ ಡಬ್ಬಿಯಲ್ಲಿ ಬೇರೊಂದು ಲ್ಯಾನ್ಸೆಟ್ ಇತ್ತು. ಅವನು ಸತ್ತ ಮೇಲೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ನನಗೆ ಮೆರುಗು ಕೊಟ್ಟು, ಹೊಸದೆಂದು ಹೇಳಿ ಹಡಗು ಹತ್ತಿಸಿದ. ಮುಂಬಯಿಗೆ ಬಂದೆ. ಅಲ್ಲಿಂದ ಸರ್ಕಾರಿ ಪೆಟ್ಟಿಗೆ, ಎತ್ತಿನ ಗಾಡಿ, ಧೂಳು, ಕೊನೆಗೆ ಕೃಷ್ಣೆಯ ಈಚೆಗಿನ ಕರಿಗುಡ್ಡ ಎಂಬ ಪೇಟೆ.

ಕರಿಗುಡ್ಡದಲ್ಲಿ ನಾನು ಶೇಷೋಪಂತರ ಪಾಲಿಗೆ ಬಂದೆ. ಊರವರ ಬಾಯಲ್ಲಿ ಅವರು ದೇವಿ ಡಾಕ್ಟರು. ಡಾಕ್ಟರಿಕೆ ಓದಿದವರಲ್ಲ. ಸರ್ಕಾರ ಕೆಲವು ತಿಂಗಳು ಕಲಿಸಿ, ಒಂದು ಪೆಟ್ಟಿಗೆ ಕೊಟ್ಟು, ಹಳ್ಳಿಹಳ್ಳಿ ತಿರುಗಿ ದೇವಿ ಹಾಕು ಎಂದು ಕಳಿಸಿತ್ತು. ಸುಳ್ಳು ಯಾಕೆ ಹೇಳಲಿ, ಅವರ ಕೈ ಬಹಳ ಹಗುರ. ಮನಸ್ಸು ಮಾಡಿದರೆ ಮಲಗಿದ ಕೂಸು ಎಚ್ಚರಾಗದಂತೆ ದೇವಿ ಹಾಕಬಲ್ಲರು. ಆದರೆ ಮನಸ್ಸು ಮಾಡುತ್ತಿದ್ದುದು ದೊಡ್ಡ ಮನೆಗಳಲ್ಲಿ ಮಾತ್ರ.

ಆಗ ದೇವಿ ಹಾಕುತ್ತಿದ್ದ ರೀತಿ ಹೇಳದಿದ್ದರೆ ಮುಂದಿನದು ತಿಳಿಯದು. ಮದ್ದು ಬಾಟಲಿಯಲ್ಲಿ ಬರುತ್ತಿರಲಿಲ್ಲ. ಅದು ಇರುತ್ತಿದ್ದುದು ಕೂಸಿನ ತೋಳಿನಲ್ಲೇ. ದೇವಿ ಹಾಕಿಸಿಕೊಂಡ ಕೂಸಿಗೆ ಒಂದು ವಾರದಲ್ಲಿ ತೋಳಿನ ಮೇಲೆ ಮುತ್ತಿನಂಥ ಗುಳ್ಳೆ ಏಳುತ್ತದೆ. ಅದನ್ನು ನನ್ನ ಮೊನೆಯಿಂದ ಒಡೆದು, ಒಸರುವ ತಿಳಿರಸವನ್ನು ತೆಗೆದುಕೊಂಡು ಇನ್ನೊಂದು ಕೂಸಿನ ತೋಳಿಗೆ ಗೀರಬೇಕು. ಅದಕ್ಕೆ ಗುಳ್ಳೆ ಎದ್ದರೆ ಅಲ್ಲಿಂದ ಮತ್ತೊಂದಕ್ಕೆ. ನೆರೆಮನೆಯ ಒಲೆಯಿಂದ ಕೆಂಡ ತಂದು ನಮ್ಮ ಒಲೆ ಹೊತ್ತಿಸಿಕೊಂಡ ಹಾಗೆ. ನಡುವೆ ಎಲ್ಲಾದರೂ ತಪ್ಪಿದರೆ ಆ ಸೀಮೆಗೇ ಮದ್ದಿಲ್ಲ. ಗುಳ್ಳೆ ಹಿಂಡಿಸಿಕೊಳ್ಳುವುದು ಕೂಸಿಗೆ ನೋವಿನ ಕೆಲಸ. ಕೂಸಿನ ಸತ್ವವೇ ಹರಿದುಹೋಗುತ್ತದೆಂದು ತಾಯಂದಿರಿಗೆ ಭಯ. ದೊಡ್ಡ ಮನೆಯವರಂತೂ ತಮ್ಮ ಮಕ್ಕಳ ಗುಳ್ಳೆಯನ್ನು ಮುಟ್ಟಗೊಡುತ್ತಿರಲಿಲ್ಲ. ಅವರಿಗೆ ರಸ ಬೇಕು, ಕೊಡುವುದು ಮಾತ್ರ ಆಗದು.

ಹಾಗಾದರೆ ರಸ ಎಲ್ಲಿಂದ ಬರಬೇಕು? ಕರಿಗುಡ್ಡದ ಹೊರಗೆ ರೈಲುದಾರಿ ಹಾಕುತ್ತಿದ್ದರು. ಕಲ್ಲು ಒಡೆಯಲು ಬಂದ ವಡ್ಡರು ದಾರಿಯ ಪಕ್ಕದಲ್ಲಿ ಈಚಲು ಚಾಪೆಯ ಗುಡಿಸಲು ಹಾಕಿಕೊಂಡಿದ್ದರು. ಜನ ಅದನ್ನು ಕ್ಯಾಂಪು ಎನ್ನುತ್ತಿದ್ದರು. ದೇವಿಯ ಮಚ್ಚೆ ಇಲ್ಲದ ಕೂಸಿದ್ದ ಕುಟುಂಬಕ್ಕೆ ಕೆಲಸ ಕೊಡಬೇಡಿ ಎಂದು ರೈಲಿನ ಸಾಹೇಬ ಹುಕುಂ ಮಾಡಿದ್ದ. ಹುಕುಂ ಒಳ್ಳೆಯದೇ. ಆದರೆ ಮಚ್ಚೆ ಹಾಕುವವರು ಶೇಷೋಪಂತರಲ್ಲವೇ?

ಪಂತರು ಪ್ರತಿ ಸಲ ಕ್ಯಾಂಪಿಗೆ ಹೋದಾಗ ಮೈಕೈ ತುಂಬಿಕೊಂಡ ಒಂದೇ ಒಂದು ಕೂಸನ್ನು ಆರಿಸುತ್ತಿದ್ದರು. ಅದಕ್ಕೆ ಮಾತ್ರ ನಿಜವಾದ ರಸ. ವಾರ ಕಳೆದ ಮೇಲೆ ಬಂದು ಆ ಕೂಸಿನ ಗುಳ್ಳೆಯನ್ನು ಕೊನೆಯ ಹನಿಯವರೆಗೆ ಹಿಂಡಿ, ಗಾಜಿನ ಕೊಳವೆಯಲ್ಲಿ ತುಂಬಿಕೊಂಡು ನೇರ ಊರಿನ ಜಮೀನುದಾರ ದೇಸಾಯರ ವಾಡೆಗೆ. ಅಲ್ಲಿ ಜಮಖಾನೆ, ಕೇಸರಿ ಹಾಲು, ದಸರೆಗೊಂದು ಶಾಲು.

ಒಮ್ಮೆ ದೇಸಾಯರ ಮನೆಯ ಮುದುಕಿ ಕೇಳಿದಳು: "ಇದು ಯಾರ ಕೂಸಿಂದು ಪಂತರ? ಜಾತಿ ನೋಡಿ ತಂದೀರಿಲ್ಲೊ?"

"ಅದೇನ್ ಹೇಳ್ತೀರಿ ಬಾಯಿಯವರ? ಅಗ್ನಿಹೋತ್ರಿಗಳ ಮೊಮ್ಮಗಂದು. ಮಡಿಯಿಂದ ತಂದೀನಿ."

ಬೆಳಿಗ್ಗೆ ತಾನೇ ನಾನು ಕಲ್ಲೊಡೆಯುವವನ ಮಗನ ತೋಳಿನಲ್ಲಿದ್ದೆ. ನಗು ತಡೆಯುವುದು ಕಷ್ಟವಾಯಿತು. ವಡ್ಡರ ಕೂಸಿನ ರಸ ತೋಳಿಗೆ ಹಾಕಿಸಿಕೊಂಡು ದೇಸಾಯರ ಮೊಮ್ಮಗ ಗುಂಡುಗುಂಡಾಗಿ ಬೆಳೆದ, ಬೆಳೆಯಲಿ.

ಕ್ಯಾಂಪಿನ ಉಳಿದ ಕೂಸುಗಳಿಗೆ ಏನು ಹಾಕುತ್ತಿದ್ದರು? ಕೇರುಬೀಜದ ಎಣ್ಣೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಕಪ್ಪು ಬೀಜ. ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಬರುತ್ತದೆ, ಒಣಗಿ ಕಪ್ಪು ಕಲೆ ಉಳಿಯುತ್ತದೆ. ಆ ಕಲೆಗೆ ಸಿಡುಬು ಕೂದಲಷ್ಟೂ ಹೆದರುವುದಿಲ್ಲ. ಆದರೆ ತಪಾಸಣೆಯ ಸಾಹೇಬ ಕುದುರೆಯಿಂದ ಇಳಿಯುತ್ತಿರಲಿಲ್ಲ. ತಾಯಂದಿರು ಸಾಲಾಗಿ ಕೂಸುಗಳ ತೋಳು ಎತ್ತಿ ಹಿಡಿದರೆ, ಮೇಲಿನಿಂದಲೇ ನೋಡಿ ಗುಡ್ ಗುಡ್ ಎಂದು ಕುದುರೆ ತಿರುಗಿಸುತ್ತಿದ್ದ. ನಿಜವಾದ ದೇವಿ ಹಾಕಿದರೆ ಎದ್ದಿತೋ ಇಲ್ಲವೋ ಎಂದು ಗುಡಿಸಲು ಗುಡಿಸಲಿಗೂ ಮತ್ತೆ ಬಂದು ನೋಡಬೇಕು. ಕೇರೆಣ್ಣೆ ಎಂದೂ ತಪ್ಪುವುದಿಲ್ಲ. ಪಂತರಿಗೆ ಬಿಸಿಲಿನಲ್ಲಿ ತಿರುಗುವುದು ತಪ್ಪಿತು. ಆ ಎಣ್ಣೆ ನನ್ನ ಮೊನೆಗೆ ಹತ್ತಿದ ದಿನ ನಾನು ಕಪ್ಪಾದೆ. ನನಗೆ ಹೇಸಿಗೆಯಾಯಿತು, ಸಿಟ್ಟೂ ಬಂತು. ಆದರೆ ಲ್ಯಾನ್ಸೆಟ್ಟಿನ ಸಿಟ್ಟನ್ನು ಯಾರು ಕೇಳುತ್ತಾರೆ?

ಕ್ಯಾಂಪಿನ ಹೆಂಗಸರು ಪಂತರ ಪೆಟ್ಟಿಗೆ ಕಂಡರೆ ಕೂಸುಗಳನ್ನು ಬುಟ್ಟಿಯ ಕೆಳಗೆ ಬಚ್ಚಿಡುತ್ತಿದ್ದರು. ತಾನಾಗಿ ಬಂದವಳು ಭರಮವ್ವ ಒಬ್ಬಳೇ. ಜಲ್ಲಿ ಒಡೆಯುವವಳು, ಎತ್ತರದ ಆಳು, ಕೈತುಂಬ ಕಲ್ಲಿನ ಚೂರು ಹಾರಿ ಆದ ಗಾಯ. ಸೊಂಟದ ಮೇಲೆ ಹುಲಿಗೆವ್ವ ಎಂಬ ಮೂರು ವರ್ಷದ ಮಗಳು.

"ಡಾಕ್ಟರ ಸಾಹೇಬ್ರ, ನನ್ನ ಮಗಳಿಗೆ ಮದಲ ಹಾಕ್ರಿ," ಅಂದಳು. "ಹಿರೇ ಮಗನ್ನ ಸಿಡುಬು ತಾಯಿ ಒಯ್ದಳು. ಇದೊಂದು ಉಳದೈತಿ. ಇದನ್ನ ಉಳಿಸಿಕೊಡ್ರಿ, ಮತ್ತೇನೂ ಕೇಳಂಗಿಲ್ಲ."

ಪಂತರು ಹುಲಿಗಿಯ ತೋಳು ಹಿಡಿದು ನೋಡಿದರು. ಕಡ್ಡಿಯಂಥ ತೋಳು. ಅಂಥ ತೋಳಿನ ಗುಳ್ಳೆಯಲ್ಲಿ ರಸ ಎಷ್ಟು ಬಂದೀತು? ಪಕ್ಕದ ಗುಡಿಸಲಿನ ದುಂಡನೆಯ ಗಂಡುಕೂಸನ್ನು ಹುಡುಕಿಸಿ ತರಿಸಿ ಅದಕ್ಕೆ ನಿಜವಾದ ರಸ ಹಾಕಿದರು. ಆಮೇಲೆ ನನ್ನನ್ನು ಕೇರೆಣ್ಣೆಗೆ ಅದ್ದಿದರು.

"ಇದು ಕಚ್ಚತೈತೇನು?" ಎಂದು ಹುಲಿಗಿ ನನ್ನನ್ನೇ ನೋಡುತ್ತ ಕೇಳಿದಳು.

"ಇರಿವಿ ಕಡದಂಗ ಆಗ್ತದ, ಸುಮ್ಮನಿರು," ಅಂದರು ಪಂತರು. ಅವಳು ಸುಮ್ಮನಿದ್ದಳು. ತುಟಿ ಕಚ್ಚಿಕೊಂಡು, ಅಳದೆ, ನಾನು ಒಳಗೆ ಹೋಗುವುದನ್ನು ನೋಡಿದಳು. ಎಷ್ಟೋ ಕೂಸುಗಳನ್ನು ಮರೆತಿದ್ದೇನೆ, ಅವಳನ್ನು ಮರೆಯಲಾಗಿಲ್ಲ.

ವಾರದ ಮೇಲೆ ಪಂತರು ಬಂದು ಆ ಗಂಡುಕೂಸಿನ ಗುಳ್ಳೆ ಹಿಂಡಿದರು. ಅದು ನೀಲಿಗಟ್ಟುವಂತೆ ಅತ್ತಿತು, ಅದರ ತಾಯಿ ನೆಲ ಬಡಿದು ಪಂತರನ್ನು ಬೈದಳು. ಭರಮವ್ವ ಮಾತ್ರ ಪಂತರಿಗೆ ದೂರದಿಂದ ಅಡ್ಡಬಿದ್ದಳು. "ನನ್ನ ಮಗಳ ಗುಳ್ಳಿ ಮುಟ್ಟಲಿಲ್ರಿ ನೀವು. ಬಡಕಲ ಐತೆಂತ ಕರುಣಾ ಮಾಡಿದ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ," ಅಂದಳು. ಮರುದಿನ ತಾನೇ ಕೆತ್ತಿದ ಒಂದು ಪುಟ್ಟ ಒಳಕಲ್ಲನ್ನು ಹೊತ್ತು ತಂದು ಪಂತರ ಮನೆಯ ಕಟ್ಟೆಯ ಮೇಲಿಟ್ಟು ಹೋದಳು. ಪಂತರು ಬೇಡ ಅನ್ನಲಿಲ್ಲ.

ಬೇಸಿಗೆಗೆ ಕ್ಯಾಂಪಿಗೆ ಸಿಡುಬು ಬಂತು. ನಾನು ಪೆಟ್ಟಿಗೆಯಲ್ಲಿದ್ದೆ, ಏನೇನಾಯಿತು ಎಂಬುದನ್ನು ಭರಮವ್ವನ ಬಾಯಿಂದಲೇ ಕೇಳಿದೆ. ಒಂದು ದಿನ ಬೆಳಿಗ್ಗೆ ಅವಳು ಓಡುತ್ತ ಪಂತರ ಮನೆಗೆ ಬಂದಳು. ಪಂತರು ಊರಲ್ಲಿರಲಿಲ್ಲ. ಕ್ಯಾಂಪಿನ ಸುದ್ದಿ ಕೇಳಿದ್ದೇ ಕಚೇರಿ ಕೆಲಸದ ನೆವ ಹೇಳಿ ಬಾಗಲಕೋಟೆಯ ಕಡೆ ಹೋಗಿದ್ದರು. ಅವರ ಹೆಂಡತಿ ಅಂಬಕ್ಕ ಕಟ್ಟೆಯ ಮೇಲೆ ಪೆಟ್ಟಿಗೆಯ ಸಾಮಾನನ್ನೆಲ್ಲ ಮೊರದಲ್ಲಿ ಹರಡಿ ಬಿಸಿಲಿಗಿಟ್ಟು, ಆ ಒಳಕಲ್ಲಿನಲ್ಲೇ ಚಟ್ನಿ ಅರೆಯುತ್ತಿದ್ದಳು. ಒಳ್ಳೆಯ ಹೆಂಗಸು. ಬಡವರು ಬಂದರೆ ನೀರು ಕೊಡದೆ ಕಳಿಸಿದವಳಲ್ಲ.

"ಬಾಯಿಯವರ, ಡಾಕ್ಟರ ಎಲ್ಲದಾರ್ರಿ? ಹುಲಿಗಿ ಮೈ ಕೆಂಡ ಆಗೇತಿ. ಮಾರಿ ಮ್ಯಾಲ ಗುಳ್ಳಿ ಎದ್ದಾವು."

"ನಿನ್ನ ಮಗಳಿಗೆ ದೇವಿ ಹಾಕಿಸಿದ್ದೆಲ್ಲ?"

"ಹಾಕಿಸೀನ್ರಿ! ಅದಕ್ಕ ನಾ ಹೆದರಲಿಲ್ಲ. ಉಳದಾವ್ರು ಮುಟ್ಟಾಕ ಅಂಜಿ ದೂರ ನಿಂತ್ರು. ನಾ ಗುಡಿಸಲಾ ಗುಡಿಸಲಾ ತಿರಗಿ ಜಡ್ಡು ಬಿದ್ದಾವ್ರಿಗೆ ನೀರು ಕುಡಿಸಿದ್ನಿ. ನನ್ನ ಮಗಳಿಗೆ ಮಚ್ಚಿ ಐತಿ, ಆಕಿಗೇನಾಕ್ಕೈತಿ ಅಂದ್ನಿ. ಆಕಿ ಕೈಯಾಗ ಬೇವಿನ ತಪ್ಪಲಾ ಕೊಟ್ಟು, ಗಾಳಿ ಬೀಸವಾ ಅಂತ ಜಡ್ಡಿನಾವ್ರ ಬಾಜೂಕ ಕುಂದರಿಸಿದ್ನಿ. ನಾನ ಕುಂದರಿಸಿದ್ನಿ ಬಾಯಿಯವರ."

ಹೀಗೆನ್ನುತ್ತಿದ್ದಾಗ ಅವಳ ಕಣ್ಣು ಮೊರದ ಮೇಲೆ ಬಿತ್ತು. ಗಾಜಿನ ಕೊಳವೆಗಳು, ನಾನು, ನನ್ನ ಪಕ್ಕದಲ್ಲಿ ಮುಚ್ಚಳ ತೆರೆದ ತಗಡಿನ ಡಬ್ಬಿ.

"ಕೇರಬೀಜ ಯಾಕ ಐತ್ರಿ ಇದರಾಗ?"

ಅಂಬಕ್ಕನಿಗೆ ಕಪಟ ಗೊತ್ತಿರಲಿಲ್ಲ. ಗಂಡ ಹೇಳಿದ್ದನ್ನು ನಂಬಿದವಳು. "ನಿಮ್ಮ ಮಂದಿಗೆ ಹಾಕೋದು ಅದ ಅಲ್ಲೇನವಾ?" ಅಂದಳು. "ದೇಸಾಯರ ಮನಿಗೆ ಕೂಸಿನ ರಸ, ಕ್ಯಾಂಪಿನವರಿಗೆ ಇದು. ಕಲ್ಲೊಡಿಯೋ ಮಂದಿ ಚರ್ಮ ಗಡಸು, ಇದ ಆಗಬೇಕು ಅಂತಿದ್ರು ಇವರು."

ಭರಮವ್ವ ಬಗ್ಗಿ ನನ್ನನ್ನು ನೋಡಿದಳು. ಕಪ್ಪಾದ ನನ್ನ ಮೊನೆಯನ್ನು, ಕೊಂಬಿನ ಹಿಡಿಯನ್ನು, ಮೈಯೆಲ್ಲವನ್ನೂ ಒಂದು ಮುಖವನ್ನು ಗುರುತಿಟ್ಟುಕೊಳ್ಳುವ ಹಾಗೆ ನೋಡಿದಳು. ಅಂಬಕ್ಕನಿಗೆ ಏನೋ ಹೊಳೆದಿರಬೇಕು. ಅವಳ ಕೈಯ ಗುಂಡುಕಲ್ಲು ನಿಂತುಹೋಯಿತು. ಭರಮವ್ವ ಬಂದ ದಾರಿಯಲ್ಲೇ ಓಡಿದಳು.

ಹುಲಿಗಿ ಉಳಿಯಲಿಲ್ಲ.

ಭರಮವ್ವನಿಂದ ಕೇರೆಣ್ಣೆಯ ಸಂಗತಿ ಕೇಳಿ ಕ್ಯಾಂಪಿನ ಗಂಡಸರು ಸುತ್ತಿಗೆ ಕೆಳಗಿಟ್ಟು ರೈಲಿನ ಸಾಹೇಬನ ಡೇರೆಯ ಮುಂದೆ ಕೂತರು. ತಪಾಸಣೆಯ ಸಾಹೇಬ ಈ ಸಲ ಕುದುರೆಯಿಂದ ಇಳಿದ. ಬಿಸಿಲಿಗೆ ರಸ ಕೆಟ್ಟಿತ್ತು, ತಮ್ಮದೇನೂ ತಪ್ಪಿಲ್ಲ ಎಂದರು ಪಂತರು. ಸಾಹೇಬ ಅದನ್ನೇ ಬರೆದುಕೊಂಡ. ಪಂತರಿಗೆ ಬೇರೆ ತಾಲೂಕಿಗೆ ವರ್ಗವಾಯಿತು. ದೇಸಾಯರು ಶಾಲು ಹೊದಿಸಿ ಬೀಳ್ಕೊಟ್ಟರು. ಅಂಬಕ್ಕ ಗಾಡಿ ಹತ್ತುವಾಗ ಒಳಕಲ್ಲನ್ನು ಕಟ್ಟೆಯ ಮೇಲೆಯೇ ಬಿಟ್ಟಳು. ಪೆಟ್ಟಿಗೆ ಸರ್ಕಾರದ್ದು, ನಾನೂ ಸರ್ಕಾರದ್ದು, ಹಾಗಾಗಿ ಉಳಿದುಕೊಂಡೆವು.

ಮುಂದೆ ಬಂದವನು ದಾವಲಸಾಬ. ಕುಳ್ಳ, ತುಸು ಉಗ್ಗುತ್ತಿದ್ದ. ಬಂದ ದಿನವೇ ನನ್ನನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ, ಬಿಸಿನೀರಿನಲ್ಲಿ ಅದ್ದಿದ. ನನ್ನ ಇಡೀ ಆಯಸ್ಸಿನಲ್ಲಿ ಸ್ನಾನ ಕಂಡದ್ದು ಅಂದೇ. ಆದರೂ ಕೇರೆಣ್ಣೆಯ ಕಪ್ಪು ಪೂರಾ ಹೋಗಲಿಲ್ಲ. ಡಬ್ಬಿಯಲ್ಲಿದ್ದ ಬೀಜವನ್ನು ಹಿತ್ತಲಲ್ಲಿ ಆಳವಾಗಿ ಹೂತುಬಿಟ್ಟ.

ಪಂತರು ಹೋದಾಗ ಆ ಸೀಮೆಯಲ್ಲಿ ಗುಳ್ಳೆ ಇರುವ ಕೂಸೇ ಇರಲಿಲ್ಲ. ಬೆಳಗಾವಿಯಿಂದ ಬಂದ ಗಾಜಿನ ಕೊಳವೆಯಲ್ಲಿ ಒಂದು ಕೂಸಿಗೆ ಸಾಕಾಗುವಷ್ಟು ರಸವಿತ್ತು. ಯಾವ ಕೂಸಿಗೆ ಹಾಕುವುದು? ಯಾರೂ ತಮ್ಮ ಕೂಸನ್ನು ಕೊಡಲೊಪ್ಪರು. ದಾವಲಸಾಬ ತನ್ನ ಸ್ವಂತ ಮಗಳು ಮಾಬೂಬಿಗೆ ಹಾಕಿದ. ಹಾಲು ಕುಡಿಯುವ ಕೂಸು ಅದು. ಗುಳ್ಳೆ ಏಳುವ ತನಕ ಗಂಡ ಹೆಂಡತಿ ಇಬ್ಬರಿಗೂ ಊಟ ಸೇರಲಿಲ್ಲ. ಎದ್ದ ದಿನ ಹೆಂಡತಿ ಪೀರಾಂಬಿ ಕೂಸನ್ನು ಹೊದಿಕೆಯಲ್ಲಿ ಸುತ್ತಿಕೊಂಡಳು, ದಾವಲಸಾಬ ಪೆಟ್ಟಿಗೆ ಹಿಡಿದ, ಮೂವರೂ ಕ್ಯಾಂಪಿಗೆ ನಡೆದರು.

ಪೆಟ್ಟಿಗೆ ಕಂಡದ್ದೇ ಕ್ಯಾಂಪು ಖಾಲಿಯಾಯಿತು. ಎದ್ದು ಹೋಗದೆ ಕೂತಿದ್ದವಳು ಭರಮವ್ವ. ಅವಳ ಮಡಿಲಲ್ಲಿ ಒಂದು ಎಳೆಗೂಸು. ಹುಲಿಗಿ ಹೋದ ಮೇಲೆ ಹುಟ್ಟಿದ ಗಂಡು.

"ಯವ್ವಾ, ದೇ... ದೇವಿ ಹಾಕತೀನಿ," ಎಂದು ದಾವಲಸಾಬ ಪೆಟ್ಟಿಗೆ ತೆರೆದು ನನ್ನನ್ನು ತೆಗೆದ.

ಅವಳು ಕೂಸನ್ನು ಎದೆಗವಚಿಕೊಂಡು ಎದ್ದು ನಿಂತಳು. "ಅದ ಐತಿ ಅದು. ನನ್ನ ಮಗಳ ತೋಳಾಗ ಹೊಕ್ಕಿದ್ದು ಅದ. ನಾ ಮರತಿಲ್ಲ."

"ಇದು ಏನೂ ಮಾಡಿಲ್ಲವಾ. ಇದಕ್ಕ ಹ... ಹಚ್ಚಿದ್ದ ಎಣ್ಣಿ ಮಾಡ್ತು."

"ಮಾಡ್ಲಿ, ಬಿಡ್ಲಿ. ನನ್ನ ಕೂಸಿಗೆ ಅದು ತಾಕಬಾರದು."

ಅಂದು ನನ್ನ ಮೈ ಶುಚಿಯಾಗಿತ್ತು, ನಿಜವಾದ ರಸ ಎರಡು ಮಾರು ದೂರದಲ್ಲಿತ್ತು, ಮತ್ತು ಆ ಕೂಸು ನನ್ನಿಂದಾಗಿಯೇ ಅದಿಲ್ಲದೆ ಹೋಗುವುದರಲ್ಲಿತ್ತು. ಸಿಡುಬು ಮತ್ತೆ ಬರುತ್ತದೆ, ಬಾರದೆ ಇರುವುದಿಲ್ಲ. ಬಂದರೆ ಈ ಕೂಸೂ ಹೋಗುತ್ತದೆ. ನನಗೆ ಅಷ್ಟು ಸಂಕಟ ಹಿಂದೆ ಎಂದೂ ಆಗಿರಲಿಲ್ಲ.

ಪೀರಾಂಬಿ ಜಲ್ಲಿಯ ಮೇಲೆಯೇ ಕುಳಿತು ಮಗಳ ಹೊದಿಕೆ ಬಿಚ್ಚಿದಳು. "ಇಲ್ಲಿ ನೋಡ ತಂಗೀ, ನನ್ನ ಮಗಳ ತೋಳು. ಕರ್ರಗ ಐತೇನು?"

ಭರಮವ್ವ ಹತ್ತಿರ ಬರಲಿಲ್ಲ. ಆಮೇಲೆ ಬಂದಳು. ಬಗ್ಗಿ ನೋಡಿದಳು, ಮೂಸಿದಳು, ಗುಳ್ಳೆಯ ಅಂಚನ್ನು ಬೆರಳಿಂದ ತಿಕ್ಕಿ ಬೆರಳು ನೋಡಿಕೊಂಡಳು. ಕಪ್ಪು ಹತ್ತಲಿಲ್ಲ.

"ಇದನ್ನ ಒಡಸ್ತಿ? ನನ್ನ ಕೂಸಿನ ಸಲುವಾಗಿ?"

"ಹೂಂ."

"ಅಳತೈತಿ ಅದು."

"ಅಳಲಿ. ನಾನೂ ಅಳತೀನಿ. ಆದ್ರ ನಿನ್ನ ಕೂಸಿಗೆ ಎದ್ದ ಮ್ಯಾಲ ನೀನೂ ಮುಂದಿನ ಕೂಸಿಗೆ ಕೊಡಬೇಕು. ಬಚ್ಚಿಡಬಾರದು."

ಭರಮವ್ವ ರೈಲುದಾರಿಯ ಆಚೆಗೆ ಹೋದಳು. ಅಲ್ಲೊಂದು ಜಾಲಿಗಿಡ ಇತ್ತು. ಹುಡುಕಿ ಹುಡುಕಿ ಉದ್ದನೆಯ ಬಿಳೀ ಮುಳ್ಳೊಂದನ್ನು ಮುರಿದಳು. ಒಲೆಯ ಮೇಲಿದ್ದ ಗಡಿಗೆಯ ಕುದಿನೀರಿ‌ನಲ್ಲಿ ಅದನ್ನು ಅದ್ದಿ ತಂದು ದಾವಲಸಾಬನ ಕೈಗೆ ಕೊಟ್ಟಳು.

"ಇದರ್ಲೆ ಹಾಕ್ರಿ."

ದಾವಲಸಾಬ ಮುಳ್ಳು ನೋಡಿದ, ನನ್ನನ್ನು ನೋಡಿದ. ನನ್ನನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ. ಮುಚ್ಚಳ ಹಾಕಲು ಮರೆತ, ಹಾಗಾಗಿ ನನಗೆ ಎಲ್ಲ ಕಂಡಿತು. ಜಾಲಿಮುಳ್ಳು ಮಾಬೂಬಿಯ ಗುಳ್ಳೆ ಒಡೆಯಿತು. ಅದೇ ಮುಳ್ಳು ವಡ್ಡರ ಕೂಸಿನ ತೋಳು ಗೀರಿತು. ಗೀರು ಚೆನ್ನಾಗಿರಲಿಲ್ಲ, ಸೊಟ್ಟಗಿತ್ತು. ನಾನಾಗಿದ್ದರೆ ಸದ್ದಿಲ್ಲದೆ ಮಾಡುತ್ತಿದ್ದೆ. ಎರಡೂ ಕೂಸುಗಳು ಸೇರಿ ಅತ್ತವು. ತಾಯಂದಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂಸುಗಳನ್ನು ತಟ್ಟುತ್ತ ಕೂತರು.

ಮುಂದಿನ ವಾರ ಭರಮವ್ವ ಕೂಸನ್ನು ತಾನೇ ತಂದು ತೋಳು ಚಾಚಿ ಹಿಡಿದಳು. ಗುಳ್ಳೆ ದುಂಡಗೆ ಎದ್ದಿತ್ತು. "ಒಡೀರಿ," ಅಂದು ಮುಖ ತಿರುಗಿಸಿಕೊಂಡಳು. ಅವಳ ಬೆನ್ನ ಹಿಂದೆ ಮತ್ತೆ ಕೆಲವು ಹೆಂಗಸರು ಸೆರಗಿನೊಳಗೆ ಕೂಸು ಹಿಡಿದು ನಿಂತಿದ್ದರು. ಪ್ರತಿಯೊಬ್ಬಳ ಕೈಯಲ್ಲೂ ಅವಳವಳದೇ ಜಾಲಿಮುಳ್ಳು. ಅಂದಿನಿಂದ ಆ ಕ್ಯಾಂಪಿನಲ್ಲಿ ಅದೇ ರೂಢಿಯಾಯಿತು. ಒಂದು ಕೂಸಿಗೆ ಗೀರಿದ ಮುಳ್ಳಿನಿಂದ ಇನ್ನೊಂದಕ್ಕೆ ಗೀರಕೂಡದು. ಕೆಲಸ ಮುಗಿದದ್ದೇ ಮುಳ್ಳು ಒಲೆಗೆ ಹೋಗಬೇಕು. ಸರ್ಕಾರದ ಯಾವ ಸಾಹೇಬನೂ ಅವರಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ನಾನು ಮತ್ತೆ ಯಾವ ತೋಳನ್ನೂ ಮುಟ್ಟಲಿಲ್ಲ. ದಾವಲಸಾಬ ಕಚೇರಿಯಿಂದ ಹೊಸ ಲ್ಯಾನ್ಸೆಟ್ ತರಿಸಿದ. ನನ್ನನ್ನು ಅಡುಗೆಮನೆಯ ಗೋಡೆಯ ಗೂಡಿನಲ್ಲಿಟ್ಟ. ಪೀರಾಂಬಿ ಕೌದಿ ಹೊಲಿಯುವಾಗ ನನ್ನಿಂದ ದಾರ ಕತ್ತರಿಸುತ್ತಾಳೆ. ಮೊನೆ ಮೊಂಡಾಯಿತು, ಬೆನ್ನಿಗೆ ತುಕ್ಕು ಹಿಡಿಯಿತು. ಬೇಸರವೇನಿಲ್ಲ. ದಾರಕ್ಕೆ ಯಾರೂ ಮೋಸ ಮಾಡುವುದಿಲ್ಲ.

ರೈಲುದಾರಿ ಮುಂದೆ ಮುಂದೆ ಹೋಯಿತು, ಕ್ಯಾಂಪೂ ಅದರ ಜೊತೆ ಹೋಯಿತು. ಎಂಟು ಹತ್ತು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಭರಮವ್ವ ದಾವಲಸಾಬನ ಮನೆ ಹುಡುಕಿಕೊಂಡು ಬಂದಳು. ಮೈಯೆಲ್ಲ ದಾರಿಯ ಧೂಳು. ಜೊತೆಗೆ ಮಗ, ಎದೆಯುದ್ದ ಬೆಳೆದಿದ್ದ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೀರಾಂಬಿ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದಳು.

"ಸಿಡುಬು ಬಂದಿತ್ತಕ್ಕಾ ನಮ್ಮ ಕಡೆ," ಅಂದಳು. "ಬಾಳ ಮಂದಿ ಹ್ವಾದ್ರು. ಇವಂಗ ಒಂದ ಗುಳ್ಳಿ ಏಳಲಿಲ್ಲ. ನಿನಗ ಹೇಳಬೇಕನಿಸ್ತು, ಅದಕ್ಕ ಬಂದ್ನಿ."

ಪೀರಾಂಬಿ ಅಳತೊಡಗಿದಳು. ಭರಮವ್ವ ಅಳಲಿಲ್ಲ. ಅಷ್ಟರಲ್ಲಿ ಹುಡುಗ ಗೂಡಿನಲ್ಲಿದ್ದ ನನ್ನನ್ನು ಕಂಡು, ಇದೇನಿದು ಎಂದು ಎತ್ತಿಕೊಳ್ಳಲು ತೋಳು ಚಾಚಿದ. ಅಂಗಿಯ ತೋಳು ಮೇಲಕ್ಕೆ ಸರಿಯಿತು. ಅಲ್ಲಿ ಮಚ್ಚೆ ಇತ್ತು. ದುಂಡಗೆ, ತಗ್ಗಾಗಿ, ಚರ್ಮದ ಬಣ್ಣದ್ದೇ ಮಚ್ಚೆ, ಒಂದು ಬದಿಗೆ ತುಸು ಸೊಟ್ಟ. ಅವನ ಬೆರಳು ನನಗೆ ತಾಗುವ ಮೊದಲೇ ಭರಮವ್ವ ಎದ್ದು ಅವನ ಕೈಯನ್ನು ರಪ್ಪನೆ ಹಿಂದಕ್ಕೆಳೆದಳು.

ಅವಳು ಮಾಡಿದ್ದು ಸರಿ. ನಾನು ಮಾತ್ರ ಆ ಮಚ್ಚೆಯನ್ನು ಕಣ್ತುಂಬ ನೋಡಿದೆ.